ಕಮಲಾ ಸೋಹೊನಿ: ಹಟ ಹಿಡಿದು ಕಲಿತ ವಿಜ್ಞಾನಿ

1933ರ ಬೆಂಗಳೂರು. ಊರಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹೆಸರಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ಮುಂಬಯಿಯ ಯುವತಿಯೊಬ್ಬಳಿಂದ ಅರ್ಜಿ ಬಂತು. ರಸಾಯನ ವಿಜ್ಞಾನವನ್ನು ಮುಖ್ಯ ವಿಷಯವಾಗಿ ಓದಿದ ಆಕೆ ಬಾಂಬೆ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಮೊದಲಿಗಳಾಗಿ ತೇರ್ಗಡೆಯಾಗಿದ್ದಳು. ಸಂಸ್ಥೆಯ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ.ವಿ. ರಾಮನ್. ಅರ್ಜಿ ತಿರಸ್ಕೃತವಾಯಿತು. ಅಂಕಗಳು ಸಾಲದೆಂದಲ್ಲ, ಅರ್ಜಿದಾರಳು ಹೆಣ್ಣೆಂಬ ಒಂದೇ ಕಾರಣಕ್ಕೆ.

ಆ ಯುವತಿಯೇ ಕಮಲಾ ಭಾಗವತ್. ಮುಂದೆ ಕಮಲಾ ಸೋಹೊನಿ ಎಂದು ಪ್ರಸಿದ್ಧರಾಗಿ, ವಿಜ್ಞಾನ ವಿಷಯದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡವರು.

ಕಮಲಾ ಅವರು ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತಂದೆ ನಾರಾಯಣರಾವ್ ಮತ್ತು ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನಿಗಳು. ಇಬ್ಬರೂ ಬೆಂಗಳೂರಿನ ಇದೇ ಸಂಸ್ಥೆಯಲ್ಲಿ ಕಲಿತವರು. ಅಕ್ಕ ದುರ್ಗಾ ಭಾಗವತ್ ಮರಾಠಿಯ ಹೆಸರಾಂತ ಲೇಖಕಿ. ತುರ್ತು ಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿದ ಧೀಮಂತೆ. ತಂದೆ ನಡೆದ ಹಾದಿಯಲ್ಲೇ ತಾನೂ ನಡೆಯಬೇಕೆಂಬುದು ಮಗಳ ಸಹಜ ಆಸೆಯಾಗಿತ್ತು. ಹಾಗಾಗಿಯೇ ಆ ನಿರಾಕರಣೆಯನ್ನು ಒಪ್ಪಿಕೊಳ್ಳುವುದು ಅವರಿಂದ ಸಾಧ್ಯವಾಗಲಿಲ್ಲ.

ಷರತ್ತಿನ ಪ್ರವೇಶ

ತಂದೆ ಮತ್ತು ಚಿಕ್ಕಪ್ಪ ಮಾಡಿದ ಮನವಿಗಳು ಫಲಿಸದಿದ್ದಾಗ ಕಮಲಾ ಅವರೇ ಬೆಂಗಳೂರಿಗೆ ಬಂದರು. ಅದು ಗಾಂಧೀಜಿಯವರ ಸತ್ಯಾಗ್ರಹ ದೇಶದ ಯುವಜನರನ್ನು ಆವರಿಸಿದ್ದ ಕಾಲ. ನಿರ್ದೇಶಕರ ಕಚೇರಿಯ ಎದುರು ಕಮಲಾ ಅದೇ ಮಾರ್ಗ ಹಿಡಿದರು. ಕಡೆಗೂ ರಾಮನ್ ಒಪ್ಪಿದರು. ಆದರೆ ಷರತ್ತುಗಳಿದ್ದವು. ಮೊದಲ ವರ್ಷ ಆಕೆ ನಿಯತ ವಿದ್ಯಾರ್ಥಿನಿಯಲ್ಲ, ಕೇವಲ ಪರೀಕ್ಷಾರ್ಥಿ. ಮಾರ್ಗದರ್ಶಕರು ಬಯಸಿದರೆ ತಡರಾತ್ರಿಯವರೆಗೂ ದುಡಿಯಬೇಕು. ಅವರ ಇರುವಿಕೆಯಿಂದ ಪುರುಷ ಸಂಶೋಧಕರ ಗಮನ ಕೆಡಬಾರದು.

ಕಲಿಯಲೇಬೇಕೆಂಬ ಛಲದಿಂದ ಕಮಲಾ ಅವುಗಳಿಗೆ ತಲೆಬಾಗಿದರು. ಆದರೆ ಆ ನೋವನ್ನು ಮರೆಯಲಿಲ್ಲ. ರಾಮನ್ ಮಹಾನ್ ವಿಜ್ಞಾನಿಯಾದರೂ ಸ್ತ್ರೀಯರ ವಿಷಯದಲ್ಲಿ ಸಂಕುಚಿತ ಮನಸ್ಸಿನವರಾಗಿದ್ದರೆಂದು ದಶಕಗಳ ಬಳಿಕವೂ ಅವರು ಬಹಿರಂಗವಾಗಿಯೇ ಹೇಳಿದರು.

ಸಂಸ್ಥೆಯಲ್ಲಿ ಅವರಿಗೆ ಸಿಕ್ಕ ಗುರು ಶ್ರೀನಿವಾಸಯ್ಯ. ಶಿಸ್ತಿನಲ್ಲಿ ಕಟ್ಟುನಿಟ್ಟು, ಕಲಿಸುವುದರಲ್ಲಿ ಉದಾರಿ. ಅವರ ಮಾರ್ಗದರ್ಶನದಲ್ಲಿ ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಕುರಿತು ಸಂಶೋಧನೆ ನಡೆಸಿದರು. ಅನ್ನದ ಜತೆಗೆ ಬೇಳೆಯೊಂದೇ ಪೌಷ್ಟಿಕತೆಯ ಆಧಾರವಾಗಿದ್ದ ಕೋಟ್ಯಂತರ ಬಡವರ ದೇಶಕ್ಕೆ ಇದು ತೀರ ಹತ್ತಿರದ ವಿಷಯ. ವರ್ಷ ಮುಗಿಯುವಷ್ಟರಲ್ಲಿ ರಾಮನ್ ಅವರ ಆಕ್ಷೇಪ ಸಡಿಲಾಯಿತು. ಕಮಲಾ ನಿಯತ ವಿದ್ಯಾರ್ಥಿನಿಯಾದರು. 1936ರಲ್ಲಿ ಎಂ.ಎಸ್ಸಿ. ಪದವಿ ಕೈಸೇರಿತು. ಕೆಲವೇ ವರ್ಷಗಳಲ್ಲಿ ಅನ್ನಾ ಮಣಿ ಅವರಂಥ ಪ್ರತಿಭಾವಂತೆ ರಾಮನ್ ಅವರದೇ ಪ್ರಯೋಗಾಲಯದಲ್ಲಿ ಸಂಶೋಧನೆಗೆ ತೊಡಗಿದರೆಂಬುದು ಇಲ್ಲಿ ನೆನೆಯಬೇಕಾದ ಸಂಗತಿ.

ಕೇಂಬ್ರಿಜ್ ಪ್ರಯೋಗಾಲಯದಲ್ಲಿ

ವಿದ್ಯಾರ್ಥಿವೇತನ ಪಡೆದು ಕಮಲಾ ಕೇಂಬ್ರಿಜ್‌ನ ನ್ಯೂನಮ್ ಕಾಲೇಜು ಸೇರಿದರು. ಜೀವಸತ್ವಗಳ ಶೋಧಕ್ಕಾಗಿ ನೊಬೆಲ್ ಪಡೆದಿದ್ದ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ಅವರ ಪ್ರಯೋಗಾಲಯದಲ್ಲಿ ಜಾಗವೇ ಇರಲಿಲ್ಲ. ಆಗ ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ತಮ್ಮ ಮೇಜನ್ನು ಹಗಲಿನಲ್ಲಿ ಆಕೆಗೆ ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ ಬಾಗಿಲಿಗೇ ತಡೆಯಾಗಿದ್ದ ವಿದ್ಯಾರ್ಥಿನಿಗೆ ಇಲ್ಲಿ ಅಪರಿಚಿತರೊಬ್ಬರು ಸ್ಥಳ ಮಾಡಿಕೊಟ್ಟಿದ್ದರು.

ಮುಂದೆ ರಾಬಿನ್ ಹಿಲ್ ಅವರೊಂದಿಗೆ ಸಸ್ಯಗಳ ಅಂಗಾಂಶಗಳನ್ನು ಅಭ್ಯಸಿಸುತ್ತ, ಆಲೂಗೆಡ್ಡೆಯ ಮೇಲೆ ಪ್ರಯೋಗ ನಡೆಸಿದಾಗ ಕಮಲಾ ಅವರಿಗೆ ಸೈಟೋಕ್ರೋಮ್ ಸಿ ಎಂಬ ವಸ್ತು ಗೋಚರಿಸಿತು. ಜೀವಕೋಶ ಉಸಿರಾಡಿ ಶಕ್ತಿ ಪಡೆಯುವ ಸರಪಳಿಯಲ್ಲಿ ಎಲೆಕ್ಟ್ರಾನುಗಳನ್ನು ಒಂದು ಕೊಂಡಿಯಿಂದ ಇನ್ನೊಂದಕ್ಕೆ ದಾಟಿಸುವ ಕೆಲಸ ಇದರದು. ಪ್ರಾಣಿಗಳಲ್ಲಿರುವ ಈ ವ್ಯವಸ್ಥೆ ಸಸ್ಯಕೋಶಗಳಲ್ಲೂ ಇದೆಯೆಂಬುದನ್ನು ಅವರ ಅಧ್ಯಯನ ತೋರಿಸಿತು. 1939ರಲ್ಲಿ ಪಿಎಚ್.ಡಿ. ದೊರೆಯಿತು. ಪ್ರಬಂಧವಿದ್ದುದು ಸುಮಾರು 40 ಪುಟ ಮಾತ್ರ.

ವಿದೇಶದಲ್ಲೇ ಉಳಿಯಬಹುದಿತ್ತು. ಆದರೆ ಸ್ವಾತಂತ್ರ್ಯ ಚಳವಳಿಯ ಸೆಳೆತ ಅವರನ್ನು ಅದೇ ವರ್ಷ ತಾಯ್ನಾಡಿಗೆ ಕರೆತಂದಿತು. ದಿಲ್ಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ಅನಂತರ ಕೂನೂರಿನ ಪೌಷ್ಟಿಕಾಹಾರ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ಜೀವಸತ್ವಗಳ ಪರಿಣಾಮ ಕುರಿತು ಅಧ್ಯಯನ ನಡೆಸಿದರು. 1947ರಲ್ಲಿ ಎಂ.ವಿ. ಸೋಹೊನಿ ಅವರನ್ನು ವಿವಾಹವಾಗಿ ಮುಂಬಯಿಗೆ ಬಂದು ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸೇರಿದರು.

ನೀರಾದಿಂದ ಪೌಷ್ಟಿಕತೆ

ಮುಂಬಯಿಯಲ್ಲಿ ಅವರು ಮತ್ತು ಅವರ ವಿದ್ಯಾರ್ಥಿಗಳು ಕೈಗೆತ್ತಿಕೊಂಡದ್ದು ಬಡವರ ಆಹಾರವನ್ನು. ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದ್ ಅವರ ಸಲಹೆಯ ಮೇರೆಗೆ ನೀರಾ ಕುರಿತ ಸಂಶೋಧನೆ ಆರಂಭವಾಯಿತು. ತಾಳೆ ಜಾತಿಯ ಮರಗಳಿಂದ ಇಳಿಸುವ, ಹುಳಿಯುವ ಮುನ್ನವೇ ಕುಡಿಯಬೇಕಾದ ಈ ಸಿಹಿ ರಸದಲ್ಲಿ ಜೀವಸತ್ವಗಳೂ ಕಬ್ಬಿಣಾಂಶವೂ ಇರುವುದನ್ನು ಅವರು ತೋರಿಸಿಕೊಟ್ಟರು. ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಆದಿವಾಸಿ ಹದಿಹರೆಯದವರಿಗೆ ಮತ್ತು ಗರ್ಭಿಣಿಯರಿಗೆ ನೀರಾ ನೀಡಿದಾಗ ಅವರ ಆರೋಗ್ಯ ಸುಧಾರಿಸಿತು. ಈ ಕಾರ್ಯಕ್ಕೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು. ಆರೇ ಹಾಲು ಯೋಜನೆಗೂ ಅವರ ಸಲಹೆ ದೊರೆಯಿತು.

ಆದರೂ ಹಾದಿ ಸುಗಮವಾಗಿರಲಿಲ್ಲ. ಅರ್ಹತೆಯಿದ್ದೂ ಅದೇ ಸಂಸ್ಥೆಯ ನಿರ್ದೇಶಕಿಯ ಹುದ್ದೆ ನಾಲ್ಕು ವರ್ಷ ತಡವಾಗಿ ಬಂತು. ಇಪ್ಪತ್ತೆರಡರ ವಯಸ್ಸಿನಲ್ಲಿ ಕಂಡಿದ್ದ ಮುಚ್ಚಿದ ಬಾಗಿಲು, ಹಿರಿತನದಲ್ಲೂ ಬೇರೆ ರೂಪದಲ್ಲಿ ಎದುರಾಗಿತ್ತು. ಅದನ್ನೂ ದಾಟಿ ಅವರು ಆ ಪೀಠವೇರಿದರು.

ನಿವೃತ್ತಿಯ ನಂತರವೂ ವಿಶ್ರಾಂತಿ ಬಯಸಲಿಲ್ಲ. ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದ ಸಕ್ರಿಯ ಸದಸ್ಯೆಯಾಗಿ, 1982-83ರಲ್ಲಿ ಅದರ ಅಧ್ಯಕ್ಷೆಯಾಗಿ ದುಡಿದರು. ಸಂಘದ ಪತ್ರಿಕೆ ಕೀಮತ್‌ಗೆ ಗ್ರಾಹಕರ ಸುರಕ್ಷತೆಯ ಕುರಿತು ಲೇಖನಗಳನ್ನು ಬರೆದರು.

ಹೊರಜಗತ್ತು ಬಹುಮಟ್ಟಿಗೆ ಮರೆತಿದ್ದ ಈ ಹಿರಿಯರನ್ನು ಗುರುತಿಸಿದವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ಮಹಿಳಾ ಮಹಾನಿರ್ದೇಶಕಿ ಡಾ. ಜಿ.ವಿ. ಸತ್ಯವತಿ. ದಿಲ್ಲಿಯ ಸನ್ಮಾನ ಸಮಾರಂಭದಲ್ಲೇ ಕುಸಿದ ಕಮಲಾ ಅವರು ಅನಂತರ ಹೆಚ್ಚು ಕಾಲ ಬದುಕಲಿಲ್ಲ. 1998ರಲ್ಲಿ ನಿಧನರಾದರು. 2023ರ ಜೂನ್ 18ರಂದು, ಅವರ ಜನ್ಮದಿನಕ್ಕೆ, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಬಿಡಿಸಿ ಗೌರವಿಸಿತು.

ಒಬ್ಬ ಮಹಿಳೆಯ ಸಾಧನೆಯನ್ನು ಇನ್ನೊಬ್ಬ ಮಹಿಳೆ ಉನ್ನತ ಪೀಠದಲ್ಲಿ ಕುಳಿತು ಗುರುತಿಸುವ ಕಾಲ ಬಂದಿತ್ತು. ಆ ಕಾಲಕ್ಕೆ ಬೆಂಗಳೂರಿನ ಕಚೇರಿಯೊಂದರ ಎದುರು ಹಟ ಹಿಡಿದ ಯುವತಿಯ ಪಾಲೂ ಇದೆ.