ಚೀಟಿಯ ಮೇಲಿನ ದಿನಾಂಕ: ಡಾ. ಎಂ. ಸಿ. ಮೋದಿಯವರ ಬದುಕು, ಒಂದು ಪೂರಕ ಪಾಠ

ಹತ್ತನೆಯ ತರಗತಿಯ ಮಾನವನ ಕಣ್ಣಿನ ಪಾಠವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಂಡವರಿಗೆಲ್ಲ ಗೊತ್ತಿರುವಂತೆ, ಸಮೀಪ ದೃಷ್ಟಿಗೆ ನಿಮ್ನ ಮಸೂರ, ದೂರ ದೃಷ್ಟಿಗೆ ಪೀನ ಮಸೂರ ಎಂದು ಕಿರಣಚಿತ್ರ ಬರೆಸಿದರೆ ಪಾಠ ಮುಗಿದ ಹಾಗೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ದೋಷವನ್ನು ಒಮ್ಮೆ ಕಂಡುಹಿಡಿದು ತಕ್ಕ ಮಸೂರ ಹಾಕಿಸಿದರೆ ಕೆಲಸ ತೀರಿತು ಎಂಬ ತಪ್ಪು ಕಲ್ಪನೆಯೂ ಮಕ್ಕಳಲ್ಲಿ ಉಳಿದುಬಿಡುತ್ತದೆ. ಕನ್ನಡಕದ ಚೀಟಿಗೆ, ಅದಕ್ಕಿಂತ ಹೆಚ್ಚಾಗಿ ಕಾಂಟ್ಯಾಕ್ಟ್ ಲೆನ್ಸಿನ ಚೀಟಿಗೆ, ಅವಧಿ ಏಕೆ ಇರುತ್ತದೆ ಎಂಬ ಪ್ರಶ್ನೆಗೆ ಆ ಕಿರಣಚಿತ್ರದಲ್ಲಿ ಉತ್ತರ ಇಲ್ಲ. ಈ ಉತ್ತರವನ್ನು ಮಕ್ಕಳಿಗೆ ಹೇಳಲು ನಾನು ಒಬ್ಬ ವೈದ್ಯರ ಜೀವನಕಥೆಯನ್ನು ಪೂರಕ ಪಾಠವಾಗಿ ಸಿದ್ಧಪಡಿಸಿಕೊಂಡೆ. ಸಹಪಾಠಿಗಳಿಗೂ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮುರುಗಪ್ಪ ಚನ್ನವೀರಪ್ಪ ಮೋದಿಯವರು ಹುಟ್ಟಿದ್ದು 1916ರ ಅಕ್ಟೋಬರ್ 4ರಂದು, ಬೀಳಗಿಯಲ್ಲಿ. ಬೀಳಗಿ ಆಗ ಬಿಜಾಪುರ ಜಿಲ್ಲೆಗೆ ಸೇರಿತ್ತು, ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಬೆಳಗಾವಿಯಲ್ಲಿ ವೈದ್ಯಕೀಯ ಓದಿ, ಮುಂಬೈಯಲ್ಲಿ ಕಣ್ಣಿನ ಚಿಕಿತ್ಸೆಯ ತರಬೇತಿ ಪಡೆದರು. ಅವರು ಅಲ್ಲಿದ್ದ ದಿನಗಳಲ್ಲೇ, 1942ರಲ್ಲಿ, ಕ್ವಿಟ್ ಇಂಡಿಯಾ ಚಳವಳಿ ಶುರುವಾಯಿತು. ಗಾಂಧೀಜಿಯವರ ಪ್ರಭಾವಕ್ಕೆ ಒಳಗಾದ ಈ ಯುವ ವೈದ್ಯರು ಹಣ ಸಂಪಾದನೆಯ ದಾರಿ ಬಿಟ್ಟು ಬಡವರ ಕಣ್ಣಿನ ಕಡೆಗೆ ತಿರುಗಿದರು. ಮರುವರ್ಷ, 1943ರಲ್ಲಿ, ಉಚಿತ ಸಾಮೂಹಿಕ ನೇತ್ರ ಶಸ್ತ್ರಚಿಕಿತ್ಸೆಯ ಕೆಲಸ ಆರಂಭಿಸಿದರು. ಆಗ ಅವರಿಗೆ ವಯಸ್ಸು ಇಪ್ಪತ್ತಾರು ಇಪ್ಪತ್ತೇಳು, ಅಂದರೆ ಇಂದು ಬಿ.ಎಡ್. ಓದುತ್ತಿರುವ ನಮ್ಮಲ್ಲಿ ಅನೇಕರ ವಯಸ್ಸು.

ಆ ಕಾಲದಲ್ಲಿ ಹಳ್ಳಿಯ ಮುದುಕರಿಗೆ ಪೊರೆ ಬಂದರೆ ಕಣ್ಣು ಹೋಯಿತೆಂದೇ ಲೆಕ್ಕ. ಆಸ್ಪತ್ರೆ ಇರುವುದು ದೂರದ ಪಟ್ಟಣದಲ್ಲಿ. ಬಸ್ಸಿನ ಖರ್ಚು, ಜೊತೆಗೆ ಬರುವವರ ಕೂಲಿ, ಊಟ, ಔಷಧಿ ಎಲ್ಲ ಸೇರಿದರೆ ಕಾಣದೆ ಕೂರುವುದೇ ಅಗ್ಗ ಅನ್ನಿಸುತ್ತಿತ್ತು. ರೋಗಿ ಆಸ್ಪತ್ರೆಗೆ ಬರಲಾಗದಿದ್ದರೆ ಆಸ್ಪತ್ರೆಯೇ ಊರಿಗೆ ಹೋಗಬೇಕು ಎಂದು ಮೋದಿಯವರು ತೀರ್ಮಾನಿಸಿದರು. ಊರಿನ ದೊಡ್ಡ ಕಟ್ಟಡವೇ ಆಸ್ಪತ್ರೆ ಆಗುತ್ತಿತ್ತು. ಊಟ, ವಸತಿಯ ಭಾರವನ್ನು ಊರವರು ಹೊರುತ್ತಿದ್ದರು. ಸಾಲಾಗಿ ಮೇಜುಗಳು, ಪ್ರತಿ ಮೇಜಿನ ಮೇಲೆ ಸಿದ್ಧವಾಗಿ ಮಲಗಿಸಿದ ರೋಗಿ. ವೈದ್ಯರು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತಿದ್ದರು, ಸಹಾಯಕರು ಹಿಂದಿನ ರೋಗಿಗೆ ಪಟ್ಟಿ ಕಟ್ಟಿ ಮುಂದಿನವರನ್ನು ಸಿದ್ಧಪಡಿಸುತ್ತಿದ್ದರು. ಹೀಗೆ ಅವರು ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದು ಗಿನ್ನೆಸ್ ದಾಖಲೆಗಳ ಪುಸ್ತಕಕ್ಕೆ ಸೇರಿತು. ಹದಿನಾಲ್ಕು ಗಂಟೆಗಳೆಂದರೆ 840 ನಿಮಿಷ. ಅಷ್ಟು ಹೊತ್ತು ಬಿಡುವಿಲ್ಲದೆ ನಿಂತರೂ ಒಬ್ಬರಿಗೆ ಸಿಗುವುದು ಒಂದೇ ನಿಮಿಷ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದರೆ ಪಾಠಕ್ಕೆ ಒಳ್ಳೆಯ ಪ್ರವೇಶ ಸಿಗುತ್ತದೆ.

ದಾವಣಗೆರೆ ಅವರ ಕಾರ್ಯಕ್ಷೇತ್ರವಾಯಿತು. ಮುಂದೆ ಬೆಂಗಳೂರಿನಲ್ಲಿ ಅವರ ಹೆಸರಿನ ಕಣ್ಣಿನ ಆಸ್ಪತ್ರೆ ಬಂತು; ಅದರ ಮುಂದಿನ ರಸ್ತೆಯನ್ನು ಜನ ಇಂದಿಗೂ ಮೋದಿ ಆಸ್ಪತ್ರೆ ರಸ್ತೆ ಎಂದೇ ಕರೆಯುತ್ತಾರೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಬಂದವು. ಅಂಧತ್ವ ನಿಯಂತ್ರಣಕ್ಕೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1976ರಲ್ಲಿ. ಅಷ್ಟರೊಳಗೆ ಮೋದಿಯವರು ಮೂರು ದಶಕ ಊರೂರು ಸುತ್ತಿ ಆಗಿತ್ತು. 2005ರ ನವೆಂಬರ್ 11ರಂದು, 89ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಸಾಮಾನ್ಯವಾಗಿ ಅವರ ಬಗ್ಗೆ ಹೇಳುವವರು 833ರ ಸಂಖ್ಯೆಯಲ್ಲಿ ನಿಲ್ಲಿಸುತ್ತಾರೆ. ನನಗೆ ಪಾಠಕ್ಕೆ ಬೇಕಾದದ್ದು ಅದೇ ದಾಖಲೆಯ ಇನ್ನೆರಡು ಸಂಖ್ಯೆಗಳು. 1993ರ ಫೆಬ್ರವರಿಯವರೆಗೆ ಅವರು 46,120 ಹಳ್ಳಿಗಳಿಗೆ ಹೋಗಿ 1,21,18,630 ರೋಗಿಗಳನ್ನು ನೋಡಿದ್ದರು. ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. ಭಾಗಿಸಿ ನೋಡಿದರೆ ಒಂದು ಶಸ್ತ್ರಚಿಕಿತ್ಸೆಗೆ ಸುಮಾರು ಇಪ್ಪತ್ತು ಮಂದಿಯ ಪರೀಕ್ಷೆ. ಅಂದರೆ ಚಾಕು ಹಿಡಿದು ಹೆಸರಾದ ಈ ವೈದ್ಯರ ಬದುಕಿನ ದೊಡ್ಡ ಪಾಲು ಕಣ್ಣು ಪರೀಕ್ಷಿಸುವುದರಲ್ಲೇ ಹೋಗಿದೆ. ಕಣ್ಣು ಮಂಜಾಗಿದೆ ಎಂದು ಬಂದವರಲ್ಲಿ ಯಾರಿಗೆ ಪೊರೆ, ಯಾರಿಗೆ ಕನ್ನಡಕ ಸಾಕು, ಯಾರ ನರ ಗ್ಲುಕೋಮಾದಿಂದ ಈಗಾಗಲೇ ಸತ್ತುಹೋಗಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ, ಪರೀಕ್ಷಿಸಿಯೇ ತಿಳಿಯಬೇಕು. ಪೊರೆಯಿಂದ ಹೋದ ದೃಷ್ಟಿ ಮರಳಿ ಬರುತ್ತದೆ. ಗ್ಲುಕೋಮಾದಿಂದ ಹೋದದ್ದು ಬರುವುದಿಲ್ಲ. ಎರಡನೆಯದಕ್ಕೆ ಮೊದಲೇ ಪರೀಕ್ಷಿಸುವುದೊಂದೇ ದಾರಿ, ಏಕೆಂದರೆ ಬಹುತೇಕರಲ್ಲಿ ಅದು ನೋವಿಲ್ಲದೆ ಬೆಳೆಯುತ್ತದೆ.

ಇನ್ನು ಚೀಟಿಯ ವಿಷಯ. ಮೋದಿಯವರ ಆರಂಭದ ದಶಕಗಳಲ್ಲಿ ಪೊರೆ ಕಟ್ಟಿದ ಮಸೂರವನ್ನು ತೆಗೆದ ಮೇಲೆ ಕಣ್ಣೊಳಗೆ ಬೇರೆ ಮಸೂರ ಇಡುವ ಪದ್ಧತಿ ನಮ್ಮ ಹಳ್ಳಿಗಳಿಗೆ ಬಂದಿರಲಿಲ್ಲ. ಬದಲಿಗೆ ಸುಮಾರು +10 ಡಯಾಪ್ಟರಿನ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ನಮ್ಮ ಮಕ್ಕಳ ಮನೆಗಳಲ್ಲೂ ಅಜ್ಜ ಅಜ್ಜಿಯರ ಹಳೆಯ ಫೋಟೋಗಳಲ್ಲಿ ಆ ಕನ್ನಡಕ ಇರಬಹುದು. ಅದರ ಪವರನ್ನು ಶಸ್ತ್ರಚಿಕಿತ್ಸೆಯ ಮರುದಿನವೇ ಬರೆದುಕೊಟ್ಟರೆ ಉಪಯೋಗವಿಲ್ಲ. ಗಾಯ ಮಾಯುತ್ತಿದ್ದಂತೆ ಕಾರ್ನಿಯಾದ ಬಾಗು ಬದಲಾಗುತ್ತದೆ. ಸುಮಾರು ಆರು ವಾರ ಕಳೆದು ಮತ್ತೆ ಪರೀಕ್ಷಿಸಿದ ಮೇಲೆಯೇ ಸರಿಯಾದ ಪವರ್ ಸಿಗುತ್ತದೆ. ಶಿಬಿರ ಪದ್ಧತಿಯ ಕಷ್ಟವೂ ಇಲ್ಲೇ ಇತ್ತು. ಶಿಬಿರ ಮುಗಿದು ವೈದ್ಯರು ಮುಂದಿನ ಊರಿಗೆ ಹೋದ ಮೇಲೆ ಎರಡನೆಯ ಪರೀಕ್ಷೆ ಮಾಡುವವರು ಯಾರು? ಚೀಟಿಯಲ್ಲಿ ಬರೆಯುವುದು ಒಂದು ದಿನದ ಕಣ್ಣಿನ ಅಳತೆಯನ್ನು ಮಾತ್ರ. ಹಬ್ಬಕ್ಕೆ ಅಂಗಿ ಹೊಲಿಸಲು ಟೈಲರ್ ಹೋದ ವರ್ಷದ ಅಳತೆ ಇಟ್ಟುಕೊಳ್ಳುವುದಿಲ್ಲ ಎಂದು ಹೇಳಿದರೆ ಎಂಟನೆಯ ತರಗತಿಯವರಿಗೂ ಇದು ಅರ್ಥವಾಗುತ್ತದೆ.

ದಪ್ಪ ಕನ್ನಡಕಕ್ಕೆ ಇನ್ನೊಂದು ತೊಂದರೆ ಇತ್ತು. ಒಂದೇ ಕಣ್ಣಿಗೆ ಶಸ್ತ್ರಚಿಕಿತ್ಸೆ ಆದವರಿಗೆ ಆ ಗಾಜಿನಲ್ಲಿ ಬಿಂಬ ನಾಲ್ಕನೆಯ ಒಂದು ಪಾಲಿಗಿಂತಲೂ ದೊಡ್ಡದಾಗಿ ಕಾಣುತ್ತಿತ್ತು. ಇನ್ನೊಂದು ಕಣ್ಣಿನ ಬಿಂಬದೊಂದಿಗೆ ಅದು ಹೊಂದುತ್ತಿರಲಿಲ್ಲ. ಮಸೂರವನ್ನು ಕಣ್ಣಿನ ಮೇಲೆಯೇ ಇಟ್ಟರೆ ಈ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇಂಥವರಿಗೆ ದೊಡ್ಡ ಉಪಕಾರ ಮಾಡಿತು. ಮದುವೆಯ ಫೋಟೋದಲ್ಲಿ ಕನ್ನಡಕ ಬೇಡ ಅನ್ನುವವರಿಗಾಗಿ ಮಾತ್ರ ಇರುವ ವಸ್ತು ಅದು ಎಂದುಕೊಂಡಿದ್ದ ಮಕ್ಕಳಿಗೆ ಈ ಮಾತು ಹೊಸದು.

ಆದರೆ ಕಣ್ಣಿಗೆ ತಾಗಿಕೊಂಡಿರುವುದರಿಂದಲೇ ಅದರ ಚೀಟಿ ಕನ್ನಡಕದ ಚೀಟಿಗಿಂತ ಬೇರೆ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿದೆ. ಹಾಗಾಗಿ ಕನ್ನಡಕದಲ್ಲಿ -8 ಇದ್ದವರಿಗೆ ಲೆನ್ಸಿನಲ್ಲಿ ಸುಮಾರು -7.25 ಸಾಕು. ಪವರಿನ ಜೊತೆಗೆ ಲೆನ್ಸಿನ ಒಳಬಾಗು, ಅಡ್ಡಳತೆ, ಯಾವ ಬಗೆಯ ಲೆನ್ಸ್ ಎಂಬುದನ್ನೂ ಬರೆಯಬೇಕು. ಕಾರ್ನಿಯಾದ ನಡುಭಾಗ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅದರಲ್ಲಿ ರಕ್ತನಾಳಗಳಿಲ್ಲ. ಇರುತ್ತಿದ್ದರೆ ಅದು ಪಾರದರ್ಶಕ ಆಗಿರುತ್ತಿರಲಿಲ್ಲ. ತನಗೆ ಬೇಕಾದ ಆಮ್ಲಜನಕದ ಹೆಚ್ಚಿನ ಪಾಲನ್ನು ಅದು ಗಾಳಿಯಿಂದ, ಕಣ್ಣೀರಿನ ಮೂಲಕ ಪಡೆಯುತ್ತದೆ. ಅದರ ಮೇಲೆ ಲೆನ್ಸ್ ಕೂತಾಗ ಆಮ್ಲಜನಕ ಲೆನ್ಸನ್ನು ದಾಟಿ ಬರಬೇಕು. ಬಿಗಿಯಾದರೆ, ಹಳತಾದರೆ, ಹಾಕಿಕೊಂಡೇ ಮಲಗಿದರೆ ಪೂರೈಕೆ ಕಡಿಮೆಯಾಗುತ್ತದೆ. ಆಗ ಅಂಚಿನಿಂದ ಸಣ್ಣ ರಕ್ತನಾಳಗಳು ಕಾರ್ನಿಯಾದೊಳಗೆ ಬೆಳೆಯತೊಡಗುತ್ತವೆ. ಆ ಹಂತದಲ್ಲಿ ನೋವಿಲ್ಲ, ಓದಲು ತೊಂದರೆಯಿಲ್ಲ. ವೈದ್ಯರು ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ ಮಾತ್ರ ಕಾಣುತ್ತದೆ.

ಚೀಟಿಗೆ ಅವಧಿ ಹಾಕುವುದಕ್ಕೆ ಕಾರಣಗಳು ಹೀಗೆ ಮೂರು. ಪವರ್ ಬದಲಾಗುತ್ತದೆ, ಬೆಳೆಯುವ ಮಕ್ಕಳಲ್ಲಂತೂ ಬೇಗ. ಕಣ್ಣಿನ ಮೇಲೆ ಲೆನ್ಸ್ ಕೂರುವ ರೀತಿ ಬದಲಾಗುತ್ತದೆ. ಸದ್ದಿಲ್ಲದ ಹಾನಿಯನ್ನು ಯಾರಾದರೂ ಒಬ್ಬರು ನೋಡಲೇಬೇಕು. ಅಮೆರಿಕದಲ್ಲಿ 2003ರ ಕಾನೂನು ಲೆನ್ಸಿನ ಚೀಟಿಗೆ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷದ ಅವಧಿ ಕೊಟ್ಟಿದೆ. ಕಣ್ಣಿನ ಸ್ಥಿತಿ ನೋಡಿ ವೈದ್ಯರು ಅದಕ್ಕಿಂತ ಕಡಿಮೆ ಬರೆಯಬಹುದು. ಕಾನೂನು ಏನೇ ಇರಲಿ, ಅಂಗಡಿಯ ವ್ಯಾಪಾರಕ್ಕಾಗಿ ಹಾಕಿದ ದಿನಾಂಕ ಇದು ಎಂಬ ಅನುಮಾನ ನಮ್ಮಲ್ಲಿ ಬಹಳ ಮಂದಿಗಿದೆ. ಪರೀಕ್ಷೆಗೆ ಖರ್ಚಾಗುತ್ತದೆ, ಒಂದು ದಿನದ ದುಡಿಮೆ ಹೋಗುತ್ತದೆ ಎಂಬುದು ಸುಳ್ಳಲ್ಲ. ಆದರೆ ದಿನಾಂಕದ ಹಿಂದಿನ ಕಾರಣ ಕಾರ್ನಿಯಾದಲ್ಲೇ ಇದೆ.

ನಮ್ಮ ಕರಾವಳಿಗೆ ಇನ್ನೊಂದು ಎಚ್ಚರಿಕೆ ಸೇರಿಸಬೇಕು. ನಾವು ನೀರಿನ ನಡುವೆ ಇರುವವರು. ಮನೆಯ ಬಾವಿ, ದೇವಸ್ಥಾನದ ಕೆರೆ, ಸೌಪರ್ಣಿಕೆ, ವಾರಾಹಿ, ಸೀತಾನದಿ, ಮರವಂತೆಯ ಕಡಲು. ಲೆನ್ಸ್ ಹಾಕಿಕೊಂಡು ಇವುಗಳಲ್ಲಿ ಮುಳುಗಬಾರದು, ಲೆನ್ಸನ್ನು ಬಾವಿ ನೀರಿನಲ್ಲಾಗಲಿ ನಲ್ಲಿ ನೀರಿನಲ್ಲಾಗಲಿ ತೊಳೆಯಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಏಕಕೋಶ ಜೀವಿ ಲೆನ್ಸಿನ ಕೆಳಗೆ ಸಿಕ್ಕಿಕೊಂಡರೆ ಕಾರ್ನಿಯಾವನ್ನೇ ತಿನ್ನುತ್ತದೆ. ಚಿಕಿತ್ಸೆ ತಿಂಗಳುಗಟ್ಟಲೆ ಬೇಕು. ಕಣ್ಣು ಕೆಂಪಾಗಿ ನೋವು ಬಂದರೆ ಲೆನ್ಸ್ ತೆಗೆದು ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಚೀಟಿಯ ಅವಧಿ ಮುಗಿಯುವವರೆಗೆ ಕಾಯುವಂತಿಲ್ಲ.

ನನ್ನ ಬೋಧನಾಭ್ಯಾಸದ ತರಗತಿಯಲ್ಲಿ ಕನ್ನಡಕ ಇದ್ದ ಮಕ್ಕಳಿಂದ ಮನೆಯ ಚೀಟಿಗಳನ್ನು ತರಿಸಿ, ಅವುಗಳ ದಿನಾಂಕಗಳನ್ನು ಮಾತ್ರ, ಹೆಸರು ಬರೆಯದೆ, ಕಪ್ಪು ಹಲಗೆಯ ಮೇಲೆ ಪಟ್ಟಿ ಮಾಡಿಸಿದೆ. ಒಂದು ಚೀಟಿ ನಾಲ್ಕು ವರ್ಷ ಹಳೆಯದು. ಆ ಹುಡುಗನ ಎತ್ತರ ಈ ನಾಲ್ಕು ವರ್ಷಗಳಲ್ಲಿ ಎಷ್ಟು ಹೆಚ್ಚಿದೆ ಎಂದು ಗೋಡೆಗೆ ನಿಲ್ಲಿಸಿ ನೋಡಿದೆವು. ದೇಹದೊಂದಿಗೆ ಕಣ್ಣುಗುಡ್ಡೆಯೂ ಉದ್ದವಾಗುತ್ತದೆ, ಉದ್ದ ಹೆಚ್ಚಾದರೆ ಬಿಂಬ ಅಕ್ಷಿಪಟಲದ ಮುಂದೆ ಬೀಳುತ್ತದೆ ಎಂದು ಮೊದಲಿನ ಕಿರಣಚಿತ್ರಕ್ಕೇ ಮರಳಿದಾಗ ಪಾಠದ ಎರಡು ತುದಿಗಳೂ ಸೇರಿದವು. ಹಿಂದಿನ ಬೆಂಚಿನಲ್ಲಿ ಕೂತು ಪಕ್ಕದವರ ಪುಸ್ತಕ ನೋಡಿ ಬರೆಯುವ ಮಕ್ಕಳನ್ನು ಸೋಮಾರಿಗಳೆಂದು ತೀರ್ಮಾನಿಸುವ ಮೊದಲು ಅವರಿಗೆ ಹಲಗೆ ಕಾಣುತ್ತದೆಯೇ ಎಂದು ನೋಡುವುದು ಶಿಕ್ಷಕರಾಗಲಿರುವ ನಮ್ಮ ಕೆಲಸ. ಆರು ಮೀಟರ್ ದೂರದಲ್ಲಿ ಅಕ್ಷರಪಟ ತೂಗುಹಾಕಿ ಒಂದೊಂದೇ ಕಣ್ಣಿನಿಂದ ಓದಿಸಿದರೆ ಅನುಮಾನವಿದ್ದವರನ್ನು ಗುರುತಿಸಬಹುದು. ಪವರ್ ಹೇಳುವುದು ನಮ್ಮ ಕೆಲಸವಲ್ಲ, ಕಳುಹಿಸುವುದು ನಮ್ಮ ಕೆಲಸ.

ಈ ಪಾಠ ಮಾಡಲು ಅಕ್ಟೋಬರ್ ಒಳ್ಳೆಯ ತಿಂಗಳು. 4ರಂದು ಮೋದಿಯವರ ಜನ್ಮದಿನ, ಎರಡನೆಯ ಗುರುವಾರ ವಿಶ್ವ ದೃಷ್ಟಿ ದಿನ. ಎರಡೂ ದಸರಾ ರಜೆಯಲ್ಲಿ ಬೀಳುವ ಸಂಭವವಿರುವುದರಿಂದ, ಕುಂದಾಪುರ, ಬೈಂದೂರು, ಬ್ರಹ್ಮಾವರದ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವವರು ಸೆಪ್ಟೆಂಬರ್ ಕೊನೆಯ ವಾರದಲ್ಲೇ ಪಾಠ ಮುಗಿಸಿ, ಚೀಟಿಯ ದಿನಾಂಕ ನೋಡಿ ಬರುವುದನ್ನು ರಜೆಯ ಮನೆಗೆಲಸವಾಗಿ ಕೊಡಬಹುದು. ಮಕ್ಕಳ ಚೀಟಿಯ ಜೊತೆಗೆ ಮನೆಯ ಹಿರಿಯರದ್ದನ್ನೂ ನೋಡಲು ಹೇಳಿ.