ವಿಷದಿಂದ ರಬ್ಬರಿನವರೆಗೆ: ಫಾದರ್ ನ್ಯೂಲ್ಯಾಂಡರ ಬದುಕು

ವಿಜ್ಞಾನಕ್ಕೂ ವಿಶ್ವಾಸಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧವೆಂದು ನಂಬಿದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವರು ಹೋಲಿ ಕ್ರಾಸ್ ಸಭೆಯ ಯಾಜಕ ಜೂಲಿಯಸ್ ನ್ಯೂಲ್ಯಾಂಡರ ಬದುಕನ್ನು ಅರಿಯುವುದು ಒಳಿತು.

1878ರ ಫೆಬ್ರವರಿ 14ರಂದು ಬೆಲ್ಜಿಯಮ್ಮಿನ ಹಾನ್ಸ್‌ಬೆಕೆ ಎಂಬ ಹಳ್ಳಿಯಲ್ಲಿ ಜನಿಸಿದ ಅವರು ಎಳವೆಯಲ್ಲೇ ತಂದೆತಾಯಿಯರೊಡನೆ ಅಮೆರಿಕದ ಸೌತ್ ಬೆಂಡ್ ನಗರಕ್ಕೆ ಬಂದು ನೆಲೆಸಿದರು. ಅಲ್ಲಿನ ನೋಟರ್ ಡೇಮ್ ವಿಶ್ವವಿದ್ಯಾನಿಲಯದಲ್ಲಿ 1899ರಲ್ಲಿ ಪದವಿ ಪಡೆದು, 1903ರಲ್ಲಿ ಗುರುದೀಕ್ಷೆ ಸ್ವೀಕರಿಸಿದರು. ಮರುವರ್ಷ ವಾಷಿಂಗ್ಟನ್ನಿನ ಕ್ಯಾಥೋಲಿಕ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ನೀಡಿತು. ಬೆಸುಗೆ ಹಾಕಲು ಬಳಸುವ ಅಸಿಟಿಲೀನ್ ಅನಿಲವೇ ಅವರ ಅಧ್ಯಯನದ ವಸ್ತುವಾಗಿತ್ತು.

ಆ ಸಂಶೋಧನೆಯ ವೇಳೆ ಅಸಿಟಿಲೀನನ್ನು ಆರ್ಸೆನಿಕ್ ಟ್ರೈಕ್ಲೋರೈಡಿನೊಡನೆ ಕೂಡಿಸಿದಾಗ ಘೋರ ವಿಷವೊಂದು ಹುಟ್ಟಿತು. ಅದರಿಂದ ಸ್ವತಃ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದ ಯುವ ಯಾಜಕರು ಆ ಪ್ರಯೋಗವನ್ನೇ ಕೈಬಿಟ್ಟರು. ಆದರೆ ಬರೆದಿಟ್ಟದ್ದು ಉಳಿಯಿತು. 1918ರಲ್ಲಿ, ಮಹಾಯುದ್ಧದ ನಡುವೆ, ವಿನ್‌ಫರ್ಡ್ ಲೀ ಲೂಯಿಸ್ ಎಂಬ ವಿಜ್ಞಾನಿ ಅದೇ ಪ್ರಬಂಧದ ಜಾಡು ಹಿಡಿದು ಯುದ್ಧಕ್ಕೆಂದು ಆ ವಿಷವನ್ನು ಸಿದ್ಧಪಡಿಸಿದರು. ಅದು ಲೂಯಿಸೈಟ್ ಎನಿಸಿಕೊಂಡಿತು. ರಣರಂಗ ತಲುಪುವ ಮುನ್ನವೇ ಆ ಯುದ್ಧ ಮುಗಿದದ್ದು ಮನುಕುಲದ ಪುಣ್ಯ.

ಇತ್ತ ನ್ಯೂಲ್ಯಾಂಡರು ನೋಟರ್ ಡೇಮಿನಲ್ಲಿ 1904ರಿಂದ ಸಸ್ಯಶಾಸ್ತ್ರವನ್ನೂ, 1918ರಿಂದ ಸಾವಯವ ರಸಾಯನಶಾಸ್ತ್ರವನ್ನೂ ಬೋಧಿಸಿದರು. 1906ರಲ್ಲಿ ಅಸಿಟಿಲೀನಿನ ಮತ್ತೊಂದು ಪ್ರಯೋಗದಲ್ಲಿ ವಿಚಿತ್ರ ವಾಸನೆಯೊಂದನ್ನು ಗಮನಿಸಿದ್ದ ಅವರು, ಅದರ ಮೂಲವನ್ನು ವರ್ಷಾನುಗಟ್ಟಲೆ ತಾಳ್ಮೆಯಿಂದ ಹುಡುಕಿದರು. ಅದು ಡೈವಿನೈಲ್ ಅಸಿಟಿಲೀನ್ ಎಂಬ ದ್ರವವಾಗಿತ್ತು.

1925ರ ಡಿಸೆಂಬರಿನಲ್ಲಿ ರೋಚೆಸ್ಟರ್ ನಗರದಲ್ಲಿ ನಡೆದ ಸಾವಯವ ರಸಾಯನಶಾಸ್ತ್ರ ವಿಚಾರಸಂಕಿರಣದಲ್ಲಿ ಅವರು ಈ ಕುರಿತು ಉಪನ್ಯಾಸ ನೀಡಿದರು. ಸಭಿಕರಲ್ಲಿದ್ದ ಡುಪಾಂಟ್ ಕಂಪೆನಿಯ ಎಲ್ಮರ್ ಬೋಲ್ಟನ್ ಅದರ ಮಹತ್ವವನ್ನು ಮನಗಂಡರು. ಮುಂದೆ ಆ ಕಂಪೆನಿಯ ವಿಜ್ಞಾನಿಗಳು ಅದೇ ಹಾದಿಯಲ್ಲಿ ಸಾಗಿ 1930ರಲ್ಲಿ ಕ್ಲೋರೋಪ್ರೀನನ್ನು ಪಡೆದರು; 1931ರಲ್ಲಿ ಹೊಸ ಕೃತಕ ರಬ್ಬರನ್ನು ಪ್ರಕಟಿಸಿದರು. ಎಣ್ಣೆಗೂ ಬಿಸಿಲಿಗೂ ಸುಲಭವಾಗಿ ಕೆಡದ ನಿಯೋಪ್ರೀನ್ ಅದೇ. ಬಡತನದ ವ್ರತ ತೊಟ್ಟಿದ್ದ ಫಾದರ್ ನ್ಯೂಲ್ಯಾಂಡ್ ತಮಗಾಗಿ ಸಂಪತ್ತು ಕೂಡಿಡಲಿಲ್ಲ. ರಾಯಧನ ವಿಶ್ವವಿದ್ಯಾನಿಲಯಕ್ಕೆ ಸಂದಿತು.

1936ರ ಜೂನ್ 11ರಂದು, ತಾವು ಡಾಕ್ಟರೇಟ್ ಪಡೆದ ವಿಶ್ವವಿದ್ಯಾನಿಲಯಕ್ಕೆ ಭೇಟಿಯಿತ್ತಿದ್ದಾಗಲೇ, ಹೃದಯಾಘಾತದಿಂದ ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೂಯಿಸೈಟಿಗೆ ಪ್ರತಿವಿಷವನ್ನು ಅರಸಿದ ಆಕ್ಸ್‌ಫರ್ಡಿನ ಜೀವರಸಾಯನಶಾಸ್ತ್ರಜ್ಞರು, ಆರ್ಸೆನಿಕ್ ದೇಹದ ಕಿಣ್ವಗಳನ್ನು ಹಿಡಿದು ನಿಲ್ಲಿಸುತ್ತದೆಂದು ಕಂಡು, ಅದನ್ನು ತನ್ನತ್ತ ಸೆಳೆದುಕೊಳ್ಳುವ ಡೈಮರ್ಕ್ಯಾಪ್ರಾಲ್ ಎಂಬ ಔಷಧಿಯನ್ನು ರೂಪಿಸಿದರು. ಆರ್ಸೆನಿಕ್, ಪಾದರಸಗಳ ವಿಷವೇರಿದವರಿಗೂ ಅದು ಮದ್ದಾಯಿತು.

ಅರಿವು ತಾನಾಗಿ ವಿಷವೂ ಅಲ್ಲ, ಅಮೃತವೂ ಅಲ್ಲ. ಅಪಾಯ ಕಂಡ ಒಬ್ಬರು ಅದನ್ನು ಬಿಟ್ಟರು, ಇನ್ನೊಬ್ಬರು ಅಸ್ತ್ರವಾಗಿಸಿದರು, ಮತ್ತೂ ಕೆಲವರು ಅದರ ನೆವದಿಂದಲೇ ಮದ್ದು ಕಂಡರು. ವಿಜ್ಞಾನ ಓದುವ ಮಕ್ಕಳಿಗೆ ಅಂಕಗಳ ಜೊತೆಗೆ ಅಂತಃಸಾಕ್ಷಿಯ ಪಾಠವನ್ನೂ ಕಲಿಸುವ ಹೊಣೆ ಪ್ರತಿಯೊಂದು ಕುಟುಂಬದ ಮೇಲಿದೆ.