ಲು ಯು ನನ್ನ ಚಹಾ ಡಬ್ಬಿಗಳನ್ನು ನೋಡಿದ್ದರೆ

ಕಳೆದ ಸಂಕ್ರಾಂತಿಯ ಕೂಟಕ್ಕೆ ಎಳ್ಳುಬೆಲ್ಲದ ಜೊತೆ ನಾನು ಏಳು ಬಗೆಯ ಚಹಾ ತಂದಿದ್ದೆ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಿಂಬೆಹುಲ್ಲು, ತುಳಸಿ-ಶುಂಠಿ, ದಾಸವಾಳ, ಪುದೀನ, ಮಲ್ಲಿಗೆ ಪರಿಮಳದ ಹಸಿರು ಚಹಾ, ಕಾಶ್ಮೀರಿ ಕಹ್ವಾ, ಅರ್ಲ್ ಗ್ರೇ. ಫ್ಲಾಸ್ಕುಗಳ ಮೇಲೆ ಚೀಟಿ ಅಂಟಿಸಿ, ರುಚಿಗೆ ಅಂಕ ಕೊಡಲು ಒಂದು ಹಾಳೆಯನ್ನೂ ಪ್ರಿಂಟ್ ಮಾಡಿಸಿದ್ದೆ. ಎಂ.ಟೆಕ್. ಮಾಡಿದವರ ಚಟ, ಏನು ಮಾಡುವುದು! ಹಿರಿಯರೊಬ್ಬರು ದಾಸವಾಳದ ಲೋಟ ಮುಗಿಸಿ, ಎಲ್ಲ ಸರಿ, ಇದರಲ್ಲಿ ಚಹಾ ಎಲ್ಲಿದೆ ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವರು ಹೇಳಿದ್ದು ಸರಿ. ಆ ಲೋಟದಲ್ಲಿ ಚಹಾ ಇರಲೇ ಇಲ್ಲ. ಚಹಾ ಎಂದರೆ ಕೆಮೀಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದ ಎಲೆ. ದಾಸವಾಳ, ನಿಂಬೆಹುಲ್ಲು, ಪುದೀನ ಎಲ್ಲವೂ ಅಮ್ಮ ಮಾಡುತ್ತಿದ್ದ ಕೊತ್ತಂಬರಿ-ಜೀರಿಗೆ ಕಷಾಯದ ನೆಂಟರು.

ಅದೇ ಪ್ರಶ್ನೆಯನ್ನು ಸುಮಾರು 1250 ವರ್ಷಗಳ ಹಿಂದೆ ಚೀನಾದಲ್ಲಿ ಒಬ್ಬ ಇನ್ನೂ ಕಟುವಾಗಿ ಎತ್ತಿದ್ದ. ಚಹಾ ಜೊತೆ ಈರುಳ್ಳಿ ಸೊಪ್ಪು, ಶುಂಠಿ, ಬೋರೆಹಣ್ಣು, ಕಿತ್ತಳೆ ಸಿಪ್ಪೆ, ಪುದೀನ ಹಾಕಿ ಕುದಿಸುವವರು ಕುಡಿಯುತ್ತಿರುವುದು ಚರಂಡಿಗೆ ಚೆಲ್ಲಬೇಕಾದ ನೀರನ್ನು ಎಂಬುದು ಅವನ ತೀರ್ಪು. ನನ್ನ ಏಳು ಡಬ್ಬಿಗಳಲ್ಲಿ ಒಂದೂ ಪಾಸಾಗುತ್ತಿರಲಿಲ್ಲ. ಸಿಟ್ಟು ಬಂತು. ಯಾರಪ್ಪಾ ಇವನು ಎಂದು ಹುಡುಕುತ್ತಾ ಹೋದವಳು ಕೊನೆಗೆ ಅವನ ಚಹಾಕ್ಕಿಂತ ಅವನ ಬದುಕಿನಲ್ಲೇ ಸಿಕ್ಕಿಹಾಕಿಕೊಂಡೆ.

ಅವನ ಹೆಸರು ಲು ಯು. ಕಾಲ ಟಾಂಗ್ ರಾಜವಂಶದ್ದು. ಹುಟ್ಟಿದ್ದು 733ರ ಸುಮಾರಿಗೆ. ಹೆತ್ತವರು ಯಾರೋ ತಿಳಿಯದು. ಇಂದಿನ ಹುಬೇ ಪ್ರಾಂತ್ಯದ ತಿಯಾನ್‌ಮೆನ್, ಅಂದಿನ ಜಿಂಗ್‌ಲಿಂಗ್ ಊರಿನ ನೀರಿನ ದಡದಲ್ಲಿ ಬಿಟ್ಟುಹೋದ ಮಗುವನ್ನು ಝಿಜಿ ಎಂಬ ಬೌದ್ಧ ಭಿಕ್ಷು ಎತ್ತಿಕೊಂಡು ಬಂದು ಮಠದಲ್ಲಿ ಸಾಕಿದ. ಹೆಸರನ್ನೂ ಯಾರೂ ಇಟ್ಟಿರಲಿಲ್ಲ. ಮುಂದೆ ಐ ಚಿಂಗ್ ಗ್ರಂಥದಲ್ಲಿ ಶಕುನ ನೋಡಿದಾಗ ನೆಲಕ್ಕಿಳಿಯುವ ಕಾಡುಬಾತಿನ ಸಾಲು ಬಂತಂತೆ. ಅದರಿಂದ ನೆಲ ಎಂಬ ಅರ್ಥದ ಲು, ಗರಿ ಎಂಬ ಅರ್ಥದ ಯು.

ಅವನು ತನ್ನ ಬಗ್ಗೆ ತಾನೇ ಬರೆದಿಟ್ಟ ಒಂದು ಚಿಕ್ಕ ಆತ್ಮಕಥೆ ಇದೆ. ಬರೆದಿದ್ದು 761ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ. ತಾನು ಕುರೂಪಿ, ಮಾತು ತೊದಲುತ್ತದೆ, ಆದರೂ ವಾದ ಬಿಡುವವನಲ್ಲ ಎಂದು ಅದರಲ್ಲಿ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾನೆ. ಗುರುವಿಗೆ ಅವನನ್ನು ಭಿಕ್ಷುವಾಗಿಸುವ ಆಸೆ. ಒಂಬತ್ತು ವರ್ಷದ ಹುಡುಗನಿಗೆ ಕನ್ಫ್ಯೂಷಿಯಸ್‌ನ ಗ್ರಂಥಗಳ ಹುಚ್ಚು. ಅಣ್ಣತಮ್ಮಂದಿರಿಲ್ಲ, ಮುಂದೆ ಮಕ್ಕಳೂ ಇಲ್ಲ ಎಂದಾದರೆ ಅದನ್ನು ಮಗನ ಧರ್ಮ ಎನ್ನಬಹುದೇ ಎಂದು ಗುರುವನ್ನೇ ಕೇಳಿದ. ಅಪ್ಪ ಅಮ್ಮ ಯಾರೆಂದೇ ಗೊತ್ತಿಲ್ಲದ ಮಗು ಕೇಳಿದ ಪ್ರಶ್ನೆ ಇದು. ಓದುವಾಗ ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತೆ.

ಉತ್ತರವಾಗಿ ಸಿಕ್ಕಿದ್ದು ಶಿಕ್ಷೆ. ಅಂಗಳ ಗುಡಿಸು, ಪಾಯಿಖಾನೆ ತೊಳೆ, ಮಣ್ಣು ತುಳಿದು ಗೋಡೆಗೆ ಮೆತ್ತು, ಮೂವತ್ತು ದನ ಮೇಯಿಸು. ಬರೆಯಲು ಕಾಗದವಿಲ್ಲ, ಹಾಗಾಗಿ ಬಿದಿರು ಕಡ್ಡಿಯಿಂದ ದನದ ಬೆನ್ನ ಮೇಲೆ ಅಕ್ಷರ ತಿದ್ದುತ್ತಿದ್ದ. ಯಾರೋ ಪಂಡಿತರು ಝಾಂಗ್ ಹೆಂಗ್ ಎಂಬ ಹಳೆಯ ಕವಿಯ ಕಾವ್ಯವೊಂದನ್ನು ಕೊಟ್ಟರು. ಅದರ ಅಕ್ಷರಗಳು ಗೊತ್ತಾಗದಿದ್ದರೂ ಹುಲ್ಲುಗಾವಲಿನಲ್ಲಿ ಪುಸ್ತಕ ಬಿಡಿಸಿ, ನೆಟ್ಟಗೆ ಕೂತು, ಶಾಲೆಯ ಮಕ್ಕಳ ಹಾಗೆ ತುಟಿ ಅಲ್ಲಾಡಿಸುತ್ತಿದ್ದ. ಇದು ತಿಳಿದ ಮೇಲೆ ಅವನನ್ನು ಮಠದೊಳಗೇ ಇರಿಸಿ ಕಾವಲು ಹಾಕಿದರು. ಮೈಮರೆತು ನಿಂತರೆ ಬೆನ್ನ ಮೇಲೆ ಬೆತ್ತ. ಒಂದು ದಿನ ಬೆತ್ತ ಮುರಿಯುವಷ್ಟು ಏಟು ಬಿದ್ದ ಮೇಲೆ ಓಡಿಹೋದ.

ಸೇರಿಕೊಂಡಿದ್ದು ನಾಟಕದ ತಂಡವನ್ನು. ತೊದಲುವ ಹುಡುಗ ವಿದೂಷಕನಾದ, ಗೊಂಬೆಯಾಟ ಆಡಿದ, ಹಾಸ್ಯದ ಪುಸ್ತಕವನ್ನೂ ಬರೆದ! ಒಂದು ಔತಣದಲ್ಲಿ ಅವನ ಆಟ ನೋಡಿದ ಲಿ ಚಿವು ಎಂಬ ಅಧಿಕಾರಿ ಬೆನ್ನು ತಟ್ಟಿ, ಪುಸ್ತಕ ಕೊಟ್ಟು, ಬೆಟ್ಟದ ಮೇಲಿದ್ದ ಒಬ್ಬ ಗುರುಗಳ ಬಳಿ ಓದಲು ದಾರಿ ಮಾಡಿಕೊಟ್ಟ. ಆನಂತರ ಜಿಂಗ್‌ಲಿಂಗ್‌ಗೆ ಬಂದ ಇನ್ನೊಬ್ಬ ಅಧಿಕಾರಿ ಚುಯಿ ಗುವೊಫು. ಲು ಯುಗೆ ಇಪ್ಪತ್ತರ ಆಸುಪಾಸು, ಚುಯಿ ವಯಸ್ಸಾದವರು. ಮೂರು ವರ್ಷ ಇಬ್ಬರದೂ ಒಂದೇ ಹವ್ಯಾಸ: ಚಹಾ ಕುಡಿಯುವುದು, ಯಾವ ನೀರು ಮೇಲು ಯಾವುದು ಕೀಳು ಎಂದು ಲೆಕ್ಕ ಹಾಕುವುದು. ಬೀಳ್ಕೊಡುವಾಗ ಚುಯಿ ತಮ್ಮ ಬಳಿಯಿದ್ದ ಬಿಳಿ ಕತ್ತೆ, ಕಪ್ಪು ಎತ್ತು ಮತ್ತು ಪುಸ್ತಕದ ಪೆಟ್ಟಿಗೆಯನ್ನು ಅವನಿಗೇ ಕೊಟ್ಟುಬಿಟ್ಟರು. ನಾವು ಚಿಕ್ಕ ಪೊಟ್ಟಣ ಕಟ್ಟಿ ಹಂಚಿಕೊಳ್ಳುವ ಚಹಾದ ನಂಟು ಎಷ್ಟು ಹಳೆಯದು ನೋಡಿ.

755ರಲ್ಲಿ ಆನ್ ಲುಶಾನ್ ಎಂಬ ಸೇನಾಪತಿ ದಂಗೆ ಎದ್ದ. ರಾಜಧಾನಿಯೇ ಬಿತ್ತು. ಲಕ್ಷಾಂತರ ಜನರ ಜೊತೆ ಲು ಯು ಕೂಡ ಯಾಂಗ್‌ಟ್ಸೆ ನದಿ ದಾಟಿ ದಕ್ಷಿಣಕ್ಕೆ ಬಂದ. ತಾಯ್ಹು ಸರೋವರದ ದಕ್ಷಿಣಕ್ಕಿರುವ ಹುಝೌ ಅವನ ಎರಡನೆಯ ಊರಾಯಿತು. ಅಲ್ಲಿ ಜಿಯಾವ್‌ರಾನ್ ಎಂಬ ಕವಿ ಭಿಕ್ಷು ಅವನಿಗೆ ಜೀವದ ಗೆಳೆಯನಾದ. ಅವನಿಗೂ ಚಹಾದ ಹುಚ್ಚು. ಹೊಳೆಯ ದಡದಲ್ಲಿ ಗುಡಿಸಲು ಕಟ್ಟಿಕೊಂಡು ಲು ಯು ಒಬ್ಬನೇ ಕಾಡು ಅಲೆಯುತ್ತಿದ್ದ, ಮರಕ್ಕೆ ಕೋಲಿನಿಂದ ಬಡಿಯುತ್ತಿದ್ದ, ನೀರಲ್ಲಿ ಕೈ ಆಡಿಸುತ್ತಿದ್ದ, ಕತ್ತಲಾದ ಮೇಲೆ ಅಳುತ್ತಾ ಮನೆಗೆ ಬರುತ್ತಿದ್ದ. ಇದೂ ಅವನೇ ಬರೆದಿದ್ದು. ಊರು ಬಿಟ್ಟು ಬಂದವನ ಅಳು ಅದು ಎಂದು ನನಗನಿಸುತ್ತದೆ.

ಆ ಗುಡಿಸಲ ಕಾಲದಲ್ಲಿ ಶುರುವಾದದ್ದು ಚಾ ಜಿಂಗ್, ಅಂದರೆ ಚಹಾ ಶಾಸ್ತ್ರ. ಮೂರು ಭಾಗ, ಹತ್ತು ಅಧ್ಯಾಯ, ಏಳು ಸಾವಿರ ಅಕ್ಷರಗಳಷ್ಟು. 780ರ ಹೊತ್ತಿಗೆ ಪೂರ್ಣ ರೂಪಕ್ಕೆ ಬಂತು. ಚಹಾದ ಬಗ್ಗೆಯೇ ಬರೆದ ಜಗತ್ತಿನ ಮೊದಲ ಗ್ರಂಥ ಇದು. ಸಾಫ್ಟ್‌ವೇರಿನವಳಾದ ನನಗೆ ಇದು ಒಳ್ಳೆಯ ಡಾಕ್ಯುಮೆಂಟೇಶನ್ ಹಾಗೆ ಕಾಣಿಸಿತು. ಮಳೆಯ ದಿನ ಎಲೆ ಕೀಳಬಾರದು, ಮೋಡವಿದ್ದರೂ ಬೇಡ. ಕಿತ್ತ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಅಚ್ಚಿಗೆ ಒತ್ತಿ, ಒಣಗಿಸಿ ಬಿಲ್ಲೆ ಮಾಡಬೇಕು. ಕುಡಿಯುವಾಗ ಆ ಬಿಲ್ಲೆಯನ್ನು ಕೆಂಡದ ಮೇಲೆ ಸುಟ್ಟು ಪುಡಿ ಮಾಡಬೇಕು. ನೀರು ಮೂರು ಸಲ ಕುದಿ ಬರುತ್ತದೆ. ಮೊದಲು ಮೀನಿನ ಕಣ್ಣಿನಂಥ ಗುಳ್ಳೆ. ಆಗ ಚಿಟಿಕೆ ಉಪ್ಪು. ಆಮೇಲೆ ಪಾತ್ರೆಯ ಅಂಚಿಗೆ ಮುತ್ತಿನ ಸರ; ಆಗ ಒಂದು ಸೌಟು ನೀರು ತೆಗೆದಿಟ್ಟು, ನಡುವೆ ಸುಳಿ ಎಬ್ಬಿಸಿ ಅದಕ್ಕೆ ಪುಡಿ ಬಿಡಬೇಕು. ಅಲೆ ಉಕ್ಕಿದಾಗ ತೆಗೆದಿಟ್ಟ ನೀರನ್ನು ಮತ್ತೆ ಸುರಿಯಬೇಕು, ನೊರೆ ಉಳಿಯುತ್ತದೆ. ಮೊದಲ ಮೂರು ಬಟ್ಟಲು ಉತ್ತಮ, ಐದರ ಆಚೆಗೆ ತೀರ ಬಾಯಾರಿದ್ದರೆ ಮಾತ್ರ.

ಅಷ್ಟು ಕಟ್ಟುನಿಟ್ಟಿನ ಮನುಷ್ಯ ಯಾಕೆ ಶುಂಠಿ, ಪುದೀನ ಬೇಡ ಎಂದ? ಅವನಿಗಿಂತ ಮುಂಚೆ ಬಹುಮಟ್ಟಿಗೆ ಚಹಾ ಎಂದರೆ ಔಷಧದ ಗಂಜಿ, ಸಿಕ್ಕಿದ್ದನ್ನೆಲ್ಲ ಹಾಕಿ ಕುದಿಸುವುದು. ಎಲೆಗೆ ತನ್ನದೇ ರುಚಿ ಇದೆ ಎಂದು ಹೆಚ್ಚಿನವರು ಬಾಯಿ ಚಪ್ಪರಿಸಿ ನೋಡಿರಲಿಲ್ಲ. ಇದನ್ನು ತಿಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಅವನ ಒಂಬತ್ತನೆಯ ಅಧ್ಯಾಯ ಇಳಿಸಿತು. ಇಪ್ಪತ್ನಾಲ್ಕು ಸಲಕರಣೆಗಳಲ್ಲಿ ಒಂದು ಕಡಿಮೆಯಾದರೂ ದೊಡ್ಡವರ ಮನೆಯಲ್ಲಿ ಚಹಾ ಕೆಟ್ಟಿತೆಂದೇ ಲೆಕ್ಕ ಎನ್ನುವವನು, ಬೆಟ್ಟದಲ್ಲಿ, ತೊರೆಯ ಪಕ್ಕ, ಕಲ್ಲಿನ ಮೇಲೆ ಕೂತರೆ ಯಾವುದನ್ನೆಲ್ಲ ಬಿಟ್ಟುಬಿಡಬಹುದು ಎಂದು ಅಲ್ಲಿ ಪಟ್ಟಿಯನ್ನೇ ಕೊಡುತ್ತಾನೆ.

ಅವನ ಒಲೆಯ ವಿಷಯ ಹೇಳಲೇಬೇಕು. ಮೂರು ಕಾಲಿನ ಒಲೆಯನ್ನು ತಾನೇ ವಿನ್ಯಾಸ ಮಾಡಿ ಎರಕ ಹೊಯ್ಯಿಸಿದ. ಒಂದು ಕಾಲಿನ ಮೇಲೆ, ದಂಗೆ ಅಡಗಿದ ಮರುವರ್ಷ ಇದನ್ನು ಎರಕ ಹೊಯ್ದದ್ದು ಎಂದು ಕೆತ್ತಿಸಿದ. ದಂಗೆ ಅಡಗಿದ್ದು 763ರಲ್ಲಿ. ಚಹಾ ಕಾಯಿಸುವ ಒಲೆಯ ಕಾಲಿನಲ್ಲಿ ಯುದ್ಧ ಮುಗಿದ ಲೆಕ್ಕ!

ನೀರಿನ ಬಗ್ಗೆ ಅವನ ಮೂರು ದರ್ಜೆ: ಬೆಟ್ಟದ ಒರತೆ ಮೊದಲು, ಹೊಳೆ ಆಮೇಲೆ, ಬಾವಿ ಕಡೆಗೆ. ಬೇಸಿಗೆಯಲ್ಲಿ ನಮ್ಮ ಪುಣೆಯ ಸೊಸೈಟಿಗೆ ಬರುವ ಟ್ಯಾಂಕರ್ ನೀರಿಗೆ ಯಾವ ದರ್ಜೆಯೋ! ಅವನು ಯಾಂಗ್‌ಟ್ಸೆಯ ನಡುನೀರನ್ನೂ ದಡದ ನೀರನ್ನೂ ಒಂದೇ ಕೊಡದಲ್ಲಿ ರುಚಿ ನೋಡಿ ಬೇರೆ ಮಾಡಿದ ಎಂಬ ಪ್ರಸಿದ್ಧ ಕಥೆಯಿದೆ, ಅವನು ಸತ್ತ ಮೇಲೆ ಬರೆದಿದ್ದು. ನಾನು ನಂಬುವುದಿಲ್ಲ. ಕೊಡದೊಳಗೆ ನೀರು ಬೆರೆಯದೆ ಇರುತ್ತದೆಯೇ?

ನಂಬುವ ಕಥೆ ಇನ್ನೊಂದಿದೆ, ಟಾಂಗ್ ಕಾಲದ ಫೆಂಗ್ ಯಾನ್ ಬರೆದಿಟ್ಟಿದ್ದು. ಲಿ ಜಿಚಿಂಗ್ ಎಂಬ ದೊಡ್ಡ ಅಧಿಕಾರಿ ದಕ್ಷಿಣಕ್ಕೆ ಬಂದಾಗ ಚಾಂಗ್ ಬೋಶಿಯೊಂಗ್ ಎಂಬುವನು ಹಳದಿ ಅಂಗಿ, ಕಪ್ಪು ಟೋಪಿ ಧರಿಸಿ, ಲು ಯುನ ಪದ್ಧತಿಯನ್ನೇ ಅನುಸರಿಸಿ ಸೊಗಸಾಗಿ ಚಹಾ ಮಾಡಿಕೊಟ್ಟು ಮೆಚ್ಚುಗೆ ಪಡೆದ. ಆಮೇಲೆ ಲು ಯುವನ್ನೇ ಕರೆಸಿದರು. ಅವನು ಹಳ್ಳಿಯವನ ಬಟ್ಟೆಯಲ್ಲಿ ಬಂದು ಅದನ್ನೇ ಮಾಡಿದ. ಅಧಿಕಾರಿಗೆ ತಾತ್ಸಾರ. ಕುಡಿದಾದ ಮೇಲೆ ಆಳನ್ನು ಕರೆದು, ಚಹಾ ಕಾಯಿಸಿದವನಿಗೆ ಮೂವತ್ತು ಕಾಸು ಕೊಡಿಸಿದ. ಪುಸ್ತಕ ಬರೆದವನಿಗೆ ಟಿಪ್ಸ್! ಲು ಯು ನಾಚಿಕೆಯಿಂದ ಕುಗ್ಗಿ, ಚಹಾದ ವಿರುದ್ಧವೇ ಒಂದು ಲೇಖನ ಬರೆದನಂತೆ. ಅದು ಉಳಿದಿಲ್ಲ. ಮೀಟಿಂಗಿನಲ್ಲಿ ತನ್ನದೇ ಕೆಲಸವನ್ನು ಬೇರೆಯವರು ಚಂದವಾಗಿ ಪ್ರೆಸೆಂಟ್ ಮಾಡುವುದನ್ನು ನೋಡುತ್ತಾ ಕೂತ ಯಾರಿಗೂ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೀರ್ತಿ ಬಂದೇ ಬಂತು. 773ರಲ್ಲಿ ಹುಝೌಗೆ ರಾಜ್ಯಪಾಲನಾಗಿ ಬಂದ ಮಹಾ ಲಿಪಿಕಾರ ಯಾನ್ ಝೆನ್‌ಚಿಂಗ್ ಅವನನ್ನು ನಿಘಂಟಿನ ಕೆಲಸಕ್ಕೆ ಸೇರಿಸಿಕೊಂಡ. ಯುವರಾಜನಿಗೆ ಸಂಬಂಧಿಸಿದ ಹುದ್ದೆಗೆ ಆಸ್ಥಾನ ಕರೆಯಿತು, ಹೋಗಲಿಲ್ಲ. 793ರಲ್ಲಿ ಸರಕಾರ ಚಹಾಕ್ಕೆ ಹತ್ತರಲ್ಲೊಂದು ಪಾಲು ತೆರಿಗೆ ಹಾಕಿತು. ಅಷ್ಟು ಜನ ಕುಡಿಯುತ್ತಿದ್ದರು.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಝಿಜಿಯ ಕಡೆಗೆ. ಹುಡುಗ ಓಡಿಹೋದ ಮೇಲೆ ಆ ಮುದುಕ ಬೇರೆಯವರು ಮಾಡಿದ ಚಹಾ ಕುಡಿಯಲೇ ಇಲ್ಲ ಎಂಬ ಐತಿಹ್ಯ ಇದೆ. ಅದು ನಿಜವೋ ಕಥೆಯೋ, ಗುರು ತೀರಿಕೊಂಡ ಸುದ್ದಿ ಬಂದಾಗ ಲು ಯು ಅತ್ತು ಒಂದು ಹಾಡು ಬರೆದದ್ದು ದಾಖಲಾಗಿದೆ. ಚಿನ್ನದ ಪಾತ್ರೆ, ಪದವಿ ಯಾವುದರ ಮೇಲೂ ಅವನಿಗೆ ಆಸೆಯಿಲ್ಲ. ಜಿಂಗ್‌ಲಿಂಗ್ ಪಕ್ಕದಲ್ಲಿ ಹರಿದುಹೋಗುವ ಹೊಳೆಯ ನೀರೊಂದೇ ಬೇಕು. ನೀರಿಗೆ ದರ್ಜೆ ಹಾಕಿದವನು ಹಂಬಲಿಸಿದ್ದು ಬೆತ್ತದ ಏಟು ತಿಂದ ಊರಿನ ನೀರಿಗೆ.

804ರಲ್ಲಿ ತೀರಿಕೊಂಡ. ಹುಝೌನ ಬೆಟ್ಟದಲ್ಲಿ, ಜಿಯಾವ್‌ರಾನನ ಸ್ಮಾರಕದ ಹತ್ತಿರವೇ ಅವನ ಸಮಾಧಿ. ಮಡಕೆ ವ್ಯಾಪಾರಿಗಳು ಅವನ ಪಿಂಗಾಣಿ ಗೊಂಬೆ ಮಾಡಿ, ಹಲವು ಚಹಾ ಪಾತ್ರೆ ಕೊಂಡವರಿಗೆ ಒಂದು ಗೊಂಬೆ ಪುಕ್ಕಟೆ ಕೊಡುತ್ತಿದ್ದರು. ಚಹಾ ವ್ಯಾಪಾರ ಮಂದವಾದರೆ ಆ ಚಹಾ ದೇವರ ತಲೆಯ ಮೇಲೆ ನೀರು ಹೊಯ್ಯುತ್ತಿದ್ದರಂತೆ.

ಮೊನ್ನೆ ಭಾನುವಾರ ಹಸಿರು ಚಹಾದ ಪುಡಿಗೆ ಚಿಟಿಕೆ ಉಪ್ಪು ಹಾಕಿ ಅವನ ಕ್ರಮದಲ್ಲೇ ಮಾಡಿದೆ, ಟ್ಯಾಂಕರ್ ನೀರಿನಲ್ಲೇ. ಮೊದಲ ಗುಟುಕು ತಿಳಿ ಸಾರಿನ ಹಾಗಿತ್ತು, ಮೂರನೆಯದಕ್ಕೆ ಎಲೆಯ ರುಚಿ ಹತ್ತಿತು. ಮುಂದಿನ ಕೂಟಕ್ಕೆ ಎಂಟನೆಯ ಫ್ಲಾಸ್ಕ್ ಒಂದು ತರುತ್ತೇನೆ, ಚೀಟಿ ಇಲ್ಲದ್ದು, ಬರೀ ಎಲೆಯದ್ದು. ಮೊದಲ ಲೋಟ ಆ ಹಿರಿಯರಿಗೆ. ದಾಸವಾಳವನ್ನೂ ತರುತ್ತೇನೆ, ಅದನ್ನು ಕೇಳಿ ಕೇಳಿ ಎರಡನೇ ಸಲ ಹಾಕಿಸಿಕೊಂಡಿದ್ದು ಅವರೇ.